ಸ್ಲಾಷ್ ಪಿ ಓಡಿಸುವ ಮೊದಲು

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್‌ನಲ್ಲಿ ಮೇಲ್‌ಗಳೆಲ್ಲ ಇರುವ ಇಡಿಬಿ ಎಂಬ ಡೇಟಾಬೇಸ್ ಕಡತ ಮೌಂಟ್ ಆಗಲಿಲ್ಲ, ಅಂದರೆ ಬಳಕೆಗೆ ತೆರೆದುಕೊಳ್ಳಲಿಲ್ಲ, ಎಂದ ತಕ್ಷಣ ಇಎಸ್‌ಇಯುಟಿಲ್ ಎಂಬ ಉಪಕರಣ ತೆರೆದು ಅದರ ರಿಪೇರಿ ಆಜ್ಞೆಯಾದ ಸ್ಲಾಷ್ ಪಿ ಓಡಿಸುವವರನ್ನು ಹಲವು ಕಡೆ ಕಂಡಿದ್ದೇನೆ. ನಮ್ಮ ಕಚೇರಿಯಲ್ಲೂ ಅದು ಆಗುವುದರಲ್ಲಿತ್ತು. ಅಂದಿನ ಒತ್ತಡ ನೆನಪಾದರೆ ಇಂದಿಗೂ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಜೆಯ ಹೊತ್ತಿಗೆ ವಿದ್ಯುತ್ ಕೈಕೊಟ್ಟು ಎಕ್ಸ್‌ಚೇಂಜ್ ಸರ್ವರ್ ಕುಸಿಯಿತು. ಮತ್ತೆ ಎದ್ದಾಗ ಒಂದು ಡೇಟಾಬೇಸ್ ಮಾತ್ರ ಮೌಂಟ್ ಆಗಲು ಒಪ್ಪಲಿಲ್ಲ. ದೋಷ ಸಂಖ್ಯೆ ಮೈನಸ್ 550. ಸ್ಲಾಷ್ ಎಂಎಚ್ ಕೊಟ್ಟು ಹೆಡರ್, ಅಂದರೆ ಕಡತದ ಸ್ಥಿತಿ ಬರೆದಿರುವ ತಲೆಭಾಗ, ನೋಡಿದರೆ ಡರ್ಟಿ ಶಟ್‌ಡೌನ್, ಸರಿಯಾಗಿ ಮುಚ್ಚದ ಸ್ಥಿತಿ. ಡೇಟಾಬೇಸ್‌ನ ಪ್ರತಿಯನ್ನು ಇನ್ನೊಂದು ಸರ್ವರ್‌ನಲ್ಲೂ ಇಡುವ ಡಿಎಜಿ ನಮ್ಮಲ್ಲಿರಲಿಲ್ಲ, ಎರಡನೆಯ ಸರ್ವರ್ ಕೇಳಿದಾಗಲೆಲ್ಲ ಮುಂದಿನ ಬಜೆಟ್ಟಿನತ್ತ ಕೈ ತೋರಿಸಲಾಗುತ್ತಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಆದರೆ ಅದನ್ನಷ್ಟೇ ನೆಚ್ಚಿದರೆ ಅಂದು ಇಡೀ ದಿನ ಬಂದ ಮೇಲ್‌ಗಳು ಹೋಗುತ್ತಿದ್ದವು.

ಡರ್ಟಿ ಶಟ್‌ಡೌನ್ ಕಂಡರೆ ಡೇಟಾಬೇಸ್ ಕೆಟ್ಟಿದೆ ಎಂದೇ ಅರ್ಥವಲ್ಲ. ಎಕ್ಸ್‌ಚೇಂಜ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಲಾಗ್ ಕಡತಕ್ಕೆ ಬರೆಯುತ್ತದೆ, ಇಡಿಬಿಗೆ ಅದು ಆಮೇಲೆ ಸೇರುತ್ತದೆ. ನಡುವೆ ಸರ್ವರ್ ಕುಸಿದರೆ ಇಡಿಬಿಯಲ್ಲಿ ಹಳೆಯ ಪುಟಗಳೂ ಹೊಸ ಪುಟಗಳೂ ಕಲಸಿಕೊಂಡಿರುತ್ತವೆ, ಅಷ್ಟೆ. ಅವನ್ನು ಸರಿದೂಗಿಸಲು ಯಾವ ಲಾಗ್‌ನಿಂದ ಯಾವ ಲಾಗ್‌ವರೆಗೆ ಬೇಕು ಎಂಬುದನ್ನು ಹೆಡರಿನ ‘ಲಾಗ್ ರಿಕ್ವೈರ್ಡ್’ ಸಾಲು ಹೇಳಿಬಿಡುತ್ತದೆ. 2007ರ ಆವೃತ್ತಿಯಿಂದ ಒಂದೊಂದು ಲಾಗ್ ಬರೀ 1 ಎಂಬಿ. ಆ ಪುಟ್ಟ ಕಡತಗಳೆಲ್ಲ ಕೈಯಲ್ಲಿದ್ದರೆ, ಅವನ್ನು ಇಡಿಬಿಗೆ ಸೇರಿಸುವ ಸ್ಲಾಷ್ ಆರ್ ಸಾಕು.

ಇಡಿಬಿ ಮತ್ತು ಲಾಗ್‌ಗಳನ್ನು ಬೇರೆ ವಾಲ್ಯೂಮ್‌ಗೆ ನಕಲು ಮಾಡಲು ಹಚ್ಚಿದೆ. ಸ್ಲಾಷ್ ಆರ್ ಕೂಡ ಇಡಿಬಿಯ ಮೇಲೆ ಬರೆಯುತ್ತದೆ, ಬರೆದದ್ದನ್ನು ಹಿಂತೆಗೆಯುವ ದಾರಿಯಿಲ್ಲ. ನಕಲು ಮುಗಿಯುವವರೆಗಿನ ಆ ಕಾಯುವಿಕೆಯೇ ಅಂದಿನ ಅತಿ ಕಷ್ಟದ ಹೊತ್ತು. ವ್ಯವಸ್ಥಾಪಕರು ಬೆನ್ನ ಹಿಂದೆಯೇ ನಿಂತಿದ್ದರು. “ರಿಪೇರಿ ಮಾಡುವ ಆಜ್ಞೆ ಇದೆಯಲ್ಲ, ಸುಮ್ಮನೆ ನಕಲು ಮಾಡುತ್ತಾ ಏಕೆ ಕುಳಿತಿದ್ದೀರಿ? ಮೇಲಿನವರಿಗೆ ನಾನು ಏನು ಹೇಳಲಿ?” ಎಂದು ಕೇಳುತ್ತಲೇ ಇದ್ದರು. ಅವರಿಗೂ ಮೇಲಿನಿಂದ ಕರೆಗಳು ನಿಂತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಪರದೆಯ ಮುಂದೆ ಕುಳಿತವನಿಗೆ ಯೋಚಿಸಲು ಬಿಡದೆ ಎಷ್ಟು ಹೊತ್ತು ಎಂದು ಕೇಳುವುದರಿಂದ ಯಾವ ಮೇಲ್‌ಬಾಕ್ಸೂ ಬೇಗ ಮರಳುವುದಿಲ್ಲ.

ಬಳಕೆದಾರರು ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿರಲಿಲ್ಲ. ಖಾಲಿ ಡಯಲ್ ಟೋನ್ ಡೇಟಾಬೇಸ್ ಒಂದನ್ನು ಎಬ್ಬಿಸಿ ಅವರ ಮೇಲ್‌ಬಾಕ್ಸ್‌ಗಳನ್ನು ಅದಕ್ಕೆ ತಿರುಗಿಸಿದೆವು. ಹಳೆಯ ಮೇಲ್‌ಗಳು ಕಾಣದಿದ್ದರೂ ಹೊಸ ಮೇಲ್ ಬರತೊಡಗಿತು, ಕರೆಗಳು ಅರ್ಧಕ್ಕಿಳಿದವು.

ನಕಲು ಮುಗಿದ ಮೇಲೆ ಆ ನಕಲಿನ ಮೇಲೆಯೇ ಸ್ಲಾಷ್ ಆರ್ ಓಡಿಸಿದೆ. ಮೈನಸ್ 528, ಲಾಗ್ ಕಡತ ಇಲ್ಲ. ಸ್ಲಾಷ್ ಎಂಎಲ್‌ನಿಂದ ಸರಣಿ ಪರಿಶೀಲಿಸಿದಾಗ ಬೇಕಾದ ಶ್ರೇಣಿಯ ನಟ್ಟನಡುವೆ ಒಂದೇ ಒಂದು ಲಾಗ್ ಕಾಣೆಯಾಗಿತ್ತು. ಕೋಣೆಯಲ್ಲಿದ್ದ ಎಲ್ಲರ ಅನುಮಾನವೂ ಬ್ಯಾಕಪ್ ತಂತ್ರಾಂಶದ ಮೇಲೆ. ಹಳೆಯ ಲಾಗ್‌ಗಳನ್ನು ಅಳಿಸುವುದು ಅದೇ ತಾನೇ? “ಲಾಗ್ ಹೋಗಿದೆ ಎಂದು ಖಚಿತವಾಯಿತಲ್ಲ, ಇನ್ನಾದರೂ ಸ್ಲಾಷ್ ಪಿ ಓಡಿಸಿ” ಎಂಬ ಒತ್ತಾಯ ಮತ್ತೆ ಶುರುವಾಯಿತು. ನಾನು ಒಪ್ಪಲಿಲ್ಲ. ಸ್ಲಾಷ್ ಪಿ ಲಾಗ್‌ಗಳತ್ತ ತಿರುಗಿಯೂ ನೋಡುವುದಿಲ್ಲ. ತಾಳೆಯಾಗದ ಪುಟಗಳನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಹೇಗೋ ನಿಲ್ಲುವಂತೆ ಮಾಡುತ್ತದೆ. ಎಸೆದ ಪುಟದಲ್ಲಿ ಯಾರ ಮೇಲ್ ಇತ್ತೋ ಅದು ಹೋಯಿತು. ಹೆಡರಿನಲ್ಲಿ ರಿಪೇರಿಯ ಎಣಿಕೆ ಏರುತ್ತದೆ, ಆಮೇಲೆ ಮೇಲ್‌ಬಾಕ್ಸ್‌ಗಳನ್ನೆಲ್ಲ ಹೊಸ ಡೇಟಾಬೇಸ್‌ಗೆ ಸಾಗಿಸಲೇಬೇಕಾಗುತ್ತದೆ.

ಬ್ಯಾಕಪ್ ಅಳಿಸುವುದಿದ್ದರೆ ಹಳೆಯ ತುದಿಯಿಂದ ಸಾಲಾಗಿ ಅಳಿಸಬೇಕು; ನಡುವಿನಿಂದ ಒಂದನ್ನೇ ಆರಿಸಿ ತೆಗೆಯಲು ಅದಕ್ಕೇನು ಕಾರಣ? ಈ ಪ್ರಶ್ನೆ ಹಿಡಿದು ಸರ್ವರಿನ ಈವೆಂಟ್ ಲಾಗ್ ಓದುತ್ತಾ ಹೋದೆ. ಸರ್ವರ್ ಎದ್ದ ಕೆಲವೇ ನಿಮಿಷಗಳಲ್ಲಿ ಆ್ಯಂಟಿವೈರಸ್ ಡಿಸ್ಕ್ ಜಾಲಾಡಿತ್ತು. ಯಾರಿಗೋ ಬಂದಿದ್ದ ಸೋಂಕಿನ ಲಗತ್ತಿನ ತುಣುಕು ಆ ಲಾಗಿನೊಳಗೆ ಕಂಡು, ಇಡೀ ಲಾಗ್ ಕಡತವನ್ನೇ ಕ್ವಾರಂಟೈನ್‌ಗೆ ಒಯ್ದಿತ್ತು. ಡೇಟಾಬೇಸ್ ಮತ್ತು ಲಾಗ್ ಫೋಲ್ಡರ್‌ಗಳನ್ನು ಕಡತ ಮಟ್ಟದ ಸ್ಕ್ಯಾನ್‌ನಿಂದ ಹೊರಗಿಡಬೇಕೆಂದು ಮೈಕ್ರೋಸಾಫ್ಟ್‌ನ ಮಾರ್ಗಸೂಚಿಗಳಲ್ಲಿ ಸ್ಪಷ್ಟವಾಗಿಯೇ ಇದೆ. ಹಿಂದೆ ಆ ವಿನಾಯಿತಿ ನಮ್ಮಲ್ಲೂ ಇತ್ತು. ಭದ್ರತಾ ವಿಭಾಗ ಹೊಸ ಪಾಲಿಸಿ ತಳ್ಳಿದಾಗ ಅದು ಅಳಿಸಿಹೋಗಿತ್ತು, ಮೇಲ್ ತಂಡಕ್ಕೆ ಒಂದು ಸಾಲಿನ ಸೂಚನೆಯೂ ಬಂದಿರಲಿಲ್ಲ. ಸರ್ವರ್ ನಮ್ಮದು, ಅದರ ಮೇಲೆ ಕೂರುವ ಆ್ಯಂಟಿವೈರಸ್ ಏಜೆಂಟ್ ಇನ್ನೊಬ್ಬರದು. ಇಂಥ ಏರ್ಪಾಟಿನಲ್ಲಿ ಬದಲಾವಣೆಯ ಮಾತು ಆಡದೇ ಇರುವುದು ದೊಡ್ಡ ಅಪರಾಧ ಎಂದೇ ನಾನು ತಿಳಿಯುತ್ತೇನೆ.

ಭದ್ರತಾ ವಿಭಾಗದ ಕರ್ತವ್ಯದ ಮೇಲಿದ್ದವರನ್ನು ಎಬ್ಬಿಸಿ, ಸ್ಕ್ಯಾನ್ ನಿಲ್ಲಿಸಿಸಿ, ಕಡತ ಬಿಡಿಸಿಕೊಂಡೆವು. ಆ್ಯಂಟಿವೈರಸ್ ಅದನ್ನು ಕತ್ತರಿಸದೆ ಹಾಗೇ ಎತ್ತಿಟ್ಟಿತ್ತು ಎಂಬುದೇ ಅದೃಷ್ಟ. ಸ್ಲಾಷ್ ಎಂಎಲ್ ಈ ಸಲ ಸರಣಿ ಪೂರ್ತಿಯಾಗಿದೆ ಎಂದಿತು. ಸ್ಲಾಷ್ ಆರ್ ಮುಗಿದು ಹೆಡರಿನಲ್ಲಿ ಕ್ಲೀನ್ ಶಟ್‌ಡೌನ್ ಕಂಡಾಗ ಕೋಣೆಯಲ್ಲಿ ಯಾರೋ ಜೋರಾಗಿ ಉಸಿರು ಬಿಟ್ಟರು.

ಉಳಿದದ್ದು ತಾಳ್ಮೆಯ ಕೆಲಸ. ಸರಿಹೋದ ನಕಲನ್ನು, ಮೇಲ್ ಹೊರತೆಗೆಯಲೆಂದೇ ಇರುವ ರಿಕವರಿ ಡೇಟಾಬೇಸ್ ಆಗಿ ಮೌಂಟ್ ಮಾಡಿ, ಹಳೆಯ ಮೇಲ್‌ಗಳನ್ನು ಮರಳಿಸುವ ಮೇಲ್‌ಬಾಕ್ಸ್ ರಿಸ್ಟೋರ್ ರಿಕ್ವೆಸ್ಟ್‌ಗಳನ್ನು ಸಾಲಾಗಿ ಬಿಟ್ಟೆವು. ಮೂಲ ಮೇಲ್‌ಬಾಕ್ಸನ್ನು ಹೆಸರಿನಿಂದ ಗುರುತಿಸಬೇಡಿ, ಪ್ರತಿ ಮೇಲ್‌ಬಾಕ್ಸ್‌ಗೂ ಬೇರೆಯಾಗಿರುವ ಗುರುತು ಸಂಖ್ಯೆಯಾದ ಜಿಯುಐಡಿ ಬಳಸಿ. ನಮ್ಮಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು. ಒಬ್ಬರ ಮೇಲ್ ಇನ್ನೊಬ್ಬರ ಪೆಟ್ಟಿಗೆಗೆ ಬಿದ್ದಿದ್ದರೆ ಅದು ಡೇಟಾ ನಷ್ಟಕ್ಕಿಂತ ಕೆಟ್ಟದಾಗುತ್ತಿತ್ತು.

ಕೆಲಸ ಬಿಟ್ಟುಹೋದವರ ಮೇಲ್‌ಬಾಕ್ಸ್‌ಗಳನ್ನು ಪಿಎಸ್‌ಟಿ, ಅಂದರೆ ಔಟ್‌ಲುಕ್‌ನಲ್ಲಿ ತೆರೆಯಬಹುದಾದ ಕಡತ, ಮಾಡಿ ಕೊಡಬೇಕೆಂದು ಲೆಕ್ಕಪರಿಶೋಧಕರಿಂದ ಬೇಡಿಕೆ ಬಂದದ್ದೂ ಇದೇ ಗಡಿಬಿಡಿಯಲ್ಲಿ. ರಿಕವರಿ ಡೇಟಾಬೇಸ್‌ನಿಂದ ನೇರವಾಗಿ ಪಿಎಸ್‌ಟಿಗೆ ಎಕ್ಸ್‌ಪೋರ್ಟ್ ಆಗದು. ತಾತ್ಕಾಲಿಕ ಮೇಲ್‌ಬಾಕ್ಸೊಂದಕ್ಕೆ, ಒಬ್ಬೊಬ್ಬರದು ಬೇರೆ ಬೇರೆ ಫೋಲ್ಡರ್ ಬರುವಂತೆ ರಿಸ್ಟೋರ್ ಮಾಡಿ, ಅಲ್ಲಿಂದ ಹೊರತೆಗೆಯಬೇಕು. ಗುರಿಯ ಮೇಲ್‌ಬಾಕ್ಸ್ ಬೇರೆಯಾದ್ದರಿಂದ ಆಜ್ಞೆಗೆ ‘ಅಲೋ ಲೆಗಸಿ ಡಿಎನ್ ಮಿಸ್‌ಮ್ಯಾಚ್’ ಎಂಬ ಆಯ್ಕೆ ಸೇರಿಸದಿದ್ದರೆ ರಿಕ್ವೆಸ್ಟ್ ಮುಂದೆ ಹೋಗುವುದಿಲ್ಲ. ಎಕ್ಸ್‌ಪೋರ್ಟ್ ಆಜ್ಞೆ ಕಾಣುವುದೇ ಇಲ್ಲ ಎಂದು ಸಹೋದ್ಯೋಗಿಯೊಬ್ಬರು ಗಾಬರಿಯಾದರು. ಮೇಲ್‌ಬಾಕ್ಸ್ ಇಂಪೋರ್ಟ್ ಎಕ್ಸ್‌ಪೋರ್ಟ್ ಎಂಬ ರೋಲ್ ಪೂರ್ಣ ಅಡ್ಮಿನ್‌ಗೂ ತಾನಾಗಿ ದಕ್ಕುವುದಿಲ್ಲ. ಅದನ್ನು ಕೊಟ್ಟು, ಆಜ್ಞೆಗಳನ್ನು ಟೈಪಿಸುವ ಶೆಲ್ ಮುಚ್ಚಿ ತೆರೆಯಬೇಕು. ಪಿಎಸ್‌ಟಿ ಬರೆಯುವ ಹಂಚಿಕೆ ಫೋಲ್ಡರಿನ ಮೇಲೆ ಎಕ್ಸ್‌ಚೇಂಜ್ ಟ್ರಸ್ಟೆಡ್ ಸಬ್‌ಸಿಸ್ಟಂ ಗುಂಪಿಗೆ ಓದುವ, ಬರೆಯುವ ಅನುಮತಿ ಇರಬೇಕು. ನಮ್ಮ ಸ್ವಂತ ಖಾತೆಗೆ ಎಷ್ಟೇ ಅನುಮತಿಯಿದ್ದರೂ ಪ್ರಯೋಜನವಿಲ್ಲ.

ಕಾಣೆಯಾಗಿದ್ದ ಲಾಗಿನ ಮೇಲ್‌ಗಳೂ ಸೇರಿ ಎಲ್ಲವೂ ಬಂತು. ಆ ವಾರದ ಪರಿಶೀಲನಾ ಸಭೆಯಲ್ಲಿ ಹೆಚ್ಚು ಹೊತ್ತು ಚರ್ಚೆಯಾದದ್ದು ಮಾತ್ರ ನಾವು ತೆಗೆದುಕೊಂಡ ಸಮಯ. ವಿನಾಯಿತಿ ಹೇಗೆ ಅಳಿಯಿತು ಎಂಬುದು ಕೊನೆಯ ಅಂಶವಾಗಿ ಬಂದು ಬೇಗ ಮುಗಿಯಿತು. ಪಾಲಿಸಿ ಬದಲಾವಣೆಗೆ ಮೇಲ್ ತಂಡದ ಸಹಿಯೂ ಬೇಕೆಂದು ಅಂದೇ ಲಿಖಿತವಾಗಿ ಕೇಳಿದ್ದೇನೆ. ಅರ್ಜಿ ಇನ್ನೂ ಅನುಮೋದನೆಗೆ ಕಾದಿದೆ. ಅಲ್ಲಿಯವರೆಗೆ ಪ್ರತಿ ಸೋಮವಾರ ವಿನಾಯಿತಿ ಪಟ್ಟಿಯನ್ನು ನಾವೇ ತೆರೆದು ನೋಡುತ್ತಿದ್ದೇವೆ.