ಸ್ಕೀಮ್ಯಾಟಿಕ್‌ನಲ್ಲೇ ಅಂಟಿಕೊಂಡ ನೆಟ್‌ಗಳನ್ನು ಹಿಡಿಯುವುದು

ಪಿಸಿಬಿಯ (ಸರ್ಕ್ಯೂಟ್ ಬೋರ್ಡ್‌ನ) ಡಿಆರ್‌ಸಿ, ಅಂದರೆ ವಿನ್ಯಾಸ ನಿಯಮಗಳ ತಪಾಸಣೆ, ಒಂದೂ ತಪ್ಪು ತೋರಿಸಲಿಲ್ಲ ಅಂದಮಾತ್ರಕ್ಕೆ ಶಾರ್ಟ್ (ಸೇರಬಾರದ ಲೈನುಗಳು ಸೇರುವುದು) ಇಲ್ಲ ಅಂತಲ್ಲ. ಶಾರ್ಟ್ ವಿಷಯದಲ್ಲಿ, ಬೋರ್ಡ್‌ನ ತಾಮ್ರ ನೆಟ್‌ಲಿಸ್ಟ್‌ಗೆ ಸರಿಹೊಂದುತ್ತದೆಯೇ ಎಂದಷ್ಟೇ ಅದು ನೋಡುತ್ತದೆ. ಒಂದಕ್ಕೊಂದು ಕೂಡಿಸಿದ ಪಿನ್‌ಗಳ ಗುಂಪೇ ನೆಟ್, ಅಂಥ ನೆಟ್‌ಗಳ ಪಟ್ಟಿಯೇ ನೆಟ್‌ಲಿಸ್ಟ್. 5 ವೋಲ್ಟ್ ಮತ್ತು 3.3 ವೋಲ್ಟ್ ಲೈನುಗಳು ಸ್ಕೀಮ್ಯಾಟಿಕ್‌ನಲ್ಲೇ (ಸರ್ಕ್ಯೂಟ್ ನಕ್ಷೆಯಲ್ಲೇ) ಅಂಟಿಕೊಂಡಿದ್ದರೆ ಅದರ ಲೆಕ್ಕಕ್ಕೆ ಅಲ್ಲಿರುವುದು ಒಂದೇ ನೆಟ್.

ಮೊದಲು ಇಆರ್‌ಸಿ, ಅಂದರೆ ಸ್ಕೀಮ್ಯಾಟಿಕ್‌ನ ವಿದ್ಯುತ್ ನಿಯಮಗಳ ತಪಾಸಣೆಯ, ಸೆಟ್ಟಿಂಗ್ ನೋಡಿ. ಒಂದೇ ನೆಟ್‌ಗೆ ಎರಡು ಹೆಸರು ಬಿದ್ದರೆ ಸರ್ಕ್ಯೂಟ್ ವಿನ್ಯಾಸದ ತಂತ್ರಾಂಶ ಕೀಕ್ಯಾಡ್ ಹೇಳುತ್ತದೆ, ಆದರೆ ಬರೀ ವಾರ್ನಿಂಗ್ ಆಗಿ. ನಲವತ್ತು ವಾರ್ನಿಂಗ್‌ಗಳ ನಡುವೆ ಅದು ಕಣ್ಣಿಗೇ ಬೀಳುವುದಿಲ್ಲ. ಸ್ಕೀಮ್ಯಾಟಿಕ್ ಸೆಟಪ್‌ಗೆ ಹೋಗಿ ಅದನ್ನು ಎರರ್ ಮಾಡಿಡಿ. ಅಂಥದ್ದೇ ಇನ್ನೊಂದು ತಂತ್ರಾಂಶ ಆಲ್ಟಿಯಂನಲ್ಲಿ ಇದೇ ತಪಾಸಣೆ 'ನೆಟ್ಸ್ ವಿತ್ ಮಲ್ಟಿಪಲ್ ನೇಮ್ಸ್' ಎಂಬ ಹೆಸರಲ್ಲಿದೆ. ಎರಡು ರೆಗ್ಯುಲೇಟರ್‌ಗಳ ಔಟ್‌ಪುಟ್ ಕೂಡಿದರೂ ಇಆರ್‌ಸಿ ಕೂಗಬೇಕು. ಆದರೆ ಸಿಂಬಲ್‌ನಲ್ಲಿ (ಬಿಡಿಭಾಗದ ಚಿತ್ರದಲ್ಲಿ) ಆ ಪಿನ್‌ಗಳ ವಿಧ 'ಪವರ್ ಔಟ್‌ಪುಟ್' ಎಂದಿದ್ದರೆ ಮಾತ್ರ. ಅವಸರದಲ್ಲಿ ಎಲ್ಲ ಪಿನ್‌ಗೂ 'ಪ್ಯಾಸಿವ್' ಎಂದು ಕೊಟ್ಟು ಮಾಡಿದ ಸಿಂಬಲ್ ಆದರೆ ಇಆರ್‌ಸಿ ತುಟಿ ಬಿಚ್ಚುವುದಿಲ್ಲ.

ನಿಜವಾದ ಕಷ್ಟ ಹೆಸರಿಲ್ಲದ ನೆಟ್‌ಗಳದ್ದು. ಮೈಕ್ರೋಕಂಟ್ರೋಲರ್ ಪಿನ್, 330 ಓಮ್ ರೆಸಿಸ್ಟರ್, ಆಮೇಲೆ ಎಲ್‌ಇಡಿ ಅಂದುಕೊಳ್ಳಿ. ಸಿಂಬಲ್‌ಗಳನ್ನು ಸರಿಸುವಾಗ ಒಂದು ವೈರ್ ರೆಸಿಸ್ಟರ್‌ನ ಎರಡೂ ಕಾಲಿಗೆ ತಾಗಿ ನಿಂತಿತು. ಎಲ್‌ಇಡಿ ಕಡೆಯ ತುಂಡಿಗೆ ಲೇಬಲ್ ಇಲ್ಲ, ಹಾಗಾಗಿ ಹೆಸರುಗಳ ಘರ್ಷಣೆಯೂ ಇಲ್ಲ. ರೆಸಿಸ್ಟರ್ ಚಿತ್ರದಲ್ಲಿದೆ, ಸರ್ಕ್ಯೂಟ್‌ನಲ್ಲಿಲ್ಲ. ಜೂಮ್ ಮಾಡಿದರೆ ಆಯತದ ಒಳಗೆ ಒಂದು ಸಣ್ಣ ಗೆರೆ ಕಾಣುತ್ತದೆ, ಅಷ್ಟೆ. ಇದಕ್ಕೆ ಕಣ್ಣನ್ನು ನಂಬಬೇಡಿ. ನೆಟ್‌ಲಿಸ್ಟ್ ಎಕ್ಸ್‌ಪೋರ್ಟ್ ಮಾಡಿ, ಒಂದೇ ನೆಟ್‌ನ ಪಟ್ಟಿಯಲ್ಲಿ ಒಂದೇ ರೆಸಿಸ್ಟರ್, ಕೆಪಾಸಿಟರ್ ಅಥವಾ ಡಯೋಡ್ ಎರಡು ಸಲ ಬಂದಿದೆಯೇ ಎಂದು ಹುಡುಕುವ ಪೈಥಾನ್ ಸ್ಕ್ರಿಪ್ಟ್ ಬರೆದುಕೊಳ್ಳಿ. ಎರಡು ಕಾಲಿನ ಬಿಡಿಭಾಗಕ್ಕೆ ಎರಡೂ ಕಡೆ ಒಂದೇ ನೆಟ್ ಬೇಕಾಗುವುದು ತೀರಾ ಅಪರೂಪ.

ಎಲ್ಲ ಶೀಟ್‌ಗಳಿಗೂ ಅನ್ವಯಿಸುವ ನೆಟ್ ಹೆಸರುಗಳು, ಅಂದರೆ ಗ್ಲೋಬಲ್ ಲೇಬಲ್‌ಗಳದ್ದು ಇನ್ನೊಂದು ಬಗೆ. ಎರಡು ಶೀಟ್‌ಗಳಲ್ಲಿ ಬೇರೆ ಬೇರೆ ಚಿಪ್‌ಗೆ 'ಇಎನ್' (ಎನೇಬಲ್) ಎಂದು ಬರೆದರೆ ಎರಡೂ ಕೂಡಿಕೊಳ್ಳುತ್ತವೆ. ಹೆಸರು ಒಂದೇ ಆದ್ದರಿಂದ ಯಾವ ವಾರ್ನಿಂಗೂ ಬರುವುದಿಲ್ಲ. ಯಾವ ಚಿಪ್‌ನದು ಎಂಬುದು ಹೆಸರಲ್ಲೇ ಇರಲಿ. ಶೀಟ್ ದಾಟದ ಸಿಗ್ನಲ್‌ಗೆ ಲೋಕಲ್ ಲೇಬಲ್ ಸಾಕು. ಹಳೆಯ 74 ಸರಣಿಯ ಲಾಜಿಕ್ ಚಿಪ್‌ಗಳ ಸಿಂಬಲ್‌ಗಳ ಅಡಗಿದ ಪವರ್ ಪಿನ್‌ಗಳೂ ಹೀಗೇ, ಹೆಸರಿನಿಂದಲೇ ಸದ್ದಿಲ್ಲದೆ ಕೂಡುತ್ತವೆ.

ಎಷ್ಟೇ ಸಣ್ಣ ಬದಲಾವಣೆ ಆಗಲಿ, ಹಿಂದಿನ ಮತ್ತು ಈಗಿನ ನೆಟ್‌ಲಿಸ್ಟ್‌ಗಳನ್ನು ಡಿಫ್ ಮಾಡಿ, ಅಂದರೆ ಹೋಲಿಸಿ ವ್ಯತ್ಯಾಸ ನೋಡಿ. ನೀವು ಮುಟ್ಟದ ಹೆಸರೊಂದು ಮಾಯವಾಗಿದ್ದರೆ ಅಲ್ಲೇ ತಪ್ಪಿದೆ. ಪಿಸಿಬಿ ಅಪ್‌ಡೇಟ್ ಮಾಡುವಾಗ ಯಾವ ಪ್ಯಾಡ್ ಯಾವ ನೆಟ್‌ನಿಂದ ಎಲ್ಲಿಗೆ ಹೋಯಿತು ಎಂಬ ವರದಿ ಬರುತ್ತದೆ. ಅದನ್ನು ಓದದೆ ಮುಚ್ಚಬೇಡಿ.

ಬೇಕೆಂದೇ ಕೂಡಿಸುವ ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್‌ಗಳ ನಡುವೆ ನೆಟ್ ಟೈ (ಎರಡು ನೆಟ್‌ಗಳನ್ನು ಹೆಸರು ಬೇರೆಯಾಗಿಯೇ ಉಳಿಸಿ ಕೂಡಿಸುವ ಬಿಡಿಭಾಗ) ಹಾಕಿ. ಬರೀ ವೈರ್ ಎಳೆದರೆ ಎರಡು ಹೆಸರಿನ ಎರರ್ ಪ್ರತಿ ಸಲವೂ ಬರುತ್ತದೆ, ಬೇಸತ್ತು ಒಂದು ದಿನ ಆ ತಪಾಸಣೆಯನ್ನೇ ಆಫ್ ಮಾಡಿಬಿಡುತ್ತೀರಿ.