ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕಾ?

ಶಿವರಾತ್ರಿ ಕಳೆದರೆ ಸಾಕು, ಫೋನ್ ಶುರುವಾಗುತ್ತದೆ. "ಬೇಸಿಗೆ ಬಂತು, ಎಸಿಗೆ ಗ್ಯಾಸ್ ತುಂಬಿಸಬೇಕಲ್ವಾ? ಹೋದ ವರ್ಷವೂ ತುಂಬಿಸಿದ್ವಿ." ಕಲಬುರಗಿಯಲ್ಲಿ ಎಸಿ ರಿಪೇರಿ ಮಾಡಿಕೊಂಡಿರುವ ನನಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಒಂದೇ: ಬೇಡ.

ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕಾಯಿಲಿಗೆ, ಅಂದರೆ ಸುತ್ತಿಸುತ್ತಿ ಹೋಗುವ ಪೈಪಿಗೆ, ಕಳಿಸುತ್ತದೆ, ಅಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ, ಒಳಗಿನ ಕಾಯಿಲಿನಲ್ಲಿ ಕೋಣೆಯ ಶಾಖ ಹೀರಿಕೊಂಡು ಆವಿಯಾಗಿ ಮತ್ತೆ ಕಂಪ್ರೆಸರಿಗೇ ಬರುತ್ತದೆ. ಎಲ್ಲ ಕಡೆ ಮುಚ್ಚಿದ ದಾರಿ. ಪೈಪು, ಜಾಯಿಂಟು ಗಟ್ಟಿಯಿದ್ದರೆ ಶುರುವಿನಲ್ಲಿ ತುಂಬಿದ ಗ್ಯಾಸೇ ಎಸಿ ಗುಜರಿಗೆ ಹೋಗುವ ತನಕ ಬರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಆ ಜಾಗ ಹುಡುಕದೆ ಸುಮ್ನೆ ತುಂಬಿಸಿದರೆ ಗ್ಯಾಸಿನ ಜೊತೆ ನಿಮ್ಮ ದುಡ್ಡೂ ಗಾಳಿಪಾಲು. ಇನ್ನೊಂದು ವಿಷಯ ನನಗೆ ತುಂಬಾ ಬೇಜಾರು ಮಾಡುತ್ತದೆ. ಈಗಿನ ಬಹಳ ಎಸಿಗಳಲ್ಲಿರುವ ಆರ್-32 ಗ್ಯಾಸ್ ಒಂದು ಕೆಜಿ ಸೋರಿದರೆ, 100 ವರ್ಷದ ಲೆಕ್ಕದಲ್ಲಿ ಸುಮಾರು 675 ಕೆಜಿ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಮನೆ ತಂಪಾಗಲಿ ಅಂತ ಮಾಡುವ ಕೆಲಸ ಇದು, ಅಲ್ವಾ?

"ಹಾಗಾದ್ರೆ ಕೂಲಿಂಗ್ ಯಾಕೆ ಕಮ್ಮಿಯಾಯ್ತು?"

ಬಹಳ ಸಲ ಕಾರಣ ಧೂಳು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ಒಳಗಿನ ಶಾಖವನ್ನು ಎಸಿ ಆ ಬೆಂಕಿಯಂಥ ಗಾಳಿಗೇ ಬಿಡಬೇಕು. ಹೊರಗಿನ ಕಾಯಿಲಿನ ಸಂದಿಯಲ್ಲೆಲ್ಲ ಮಣ್ಣು ಕೂತು ಗಾಳಿ ಆಡದಿದ್ದರೆ ಒತ್ತಡ ಏರುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ, ಕೊನೆಗೆ ಮಟಮಟ ಮಧ್ಯಾಹ್ನ ಕಂಪ್ರೆಸರ್ ನಿಂತುಬಿಡುತ್ತದೆ. ಇದನ್ನು ತೊಳೆಯುವುದೇ ವರ್ಷದ ಸರ್ವಿಸಿನ ಮುಖ್ಯ ಕೆಲಸ. ಫೆಬ್ರವರಿಯಲ್ಲೇ ಮಾಡಿಸಿ, ಆಮೇಲೆ ನಾವು ಯಾರೂ ಕೈಗೆ ಸಿಗುವುದಿಲ್ಲ. ಪಂಪಿನಲ್ಲಿ ನೀರನ್ನು ಓರೆಯಾಗಿ ಜೋರಾಗಿ ಬಿಟ್ಟರೆ ತೆಳು ಅಲ್ಯೂಮಿನಿಯಂ ಪಟ್ಟಿಗಳು ಮಡಚಿಕೊಳ್ಳುತ್ತವೆ, ಹಾಗಾಗದಂತೆ ನಿಂತು ನೋಡಿಕೊಳ್ಳಿ. ಮಂಗಳೂರು, ಕಾರವಾರದ ಕಡೆ ಧೂಳಿಗಿಂತ ಉಪ್ಪುಗಾಳಿಯ ಕಾಟ ಜಾಸ್ತಿ, ಅಲ್ಲಿ ಆಗಾಗ ಬರೀ ನೀರಲ್ಲಿ ತೊಳೆಸುತ್ತಿರಬೇಕು.

ಒಳಗಿನ ಫಿಲ್ಟರ್ ಮಾತ್ರ ನಿಮ್ಮದೇ ಕೆಲಸ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿ.

ಒಳಗಿನ ಕಾಯಿಲಿನಲ್ಲಿ ಮಂಜುಗಡ್ಡೆ ಕಂಡ ಕೂಡಲೇ "ಗ್ಯಾಸ್ ಹೋಗಿದೆ" ಅಂತ ಹೇಳಿಬಿಡುತ್ತಾರೆ. ಗ್ಯಾಸ್ ಕಮ್ಮಿಯಾದರೂ ಗಡ್ಡೆ ಕಟ್ಟುತ್ತದೆ ನಿಜ, ಆದರೆ ಫಿಲ್ಟರ್ ಕಟ್ಟಿಕೊಂಡು ಗಾಳಿ ಓಡದಿದ್ದರೂ ಕಟ್ಟುತ್ತದೆ. ಮೊದಲು ಬರೀ ಫ್ಯಾನ್ ಓಡಿಸಿ ಗಡ್ಡೆ ಕರಗಿಸಿ, ಫಿಲ್ಟರ್ ತೊಳೆದು ಹಾಕಿ, ಮತ್ತೆ ಕೂಲಿಂಗ್ ಹಾಕಿ ನೋಡಿ. ಗಾಳಿ ಚೆನ್ನಾಗಿ ಬರುತ್ತಿದ್ದರೂ ಮತ್ತೆ ಗಡ್ಡೆ ಕಟ್ಟಿದರೆ ಆಗ ಸೋರಿಕೆಯ ಅನುಮಾನ ಪಡಬಹುದು.

ಆಗ ಮೆಕ್ಯಾನಿಕ್ಕಿಗೆ ಕೇಳಬೇಕಾದ್ದು "ಎಲ್ಲಿ ಸೋರುತ್ತಿದೆ, ತೋರಿಸಿ" ಅಂತ. ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಒಂದು ಸಣ್ಣ, ಒಂದು ದಪ್ಪ ತಾಮ್ರದ ಪೈಪು ಹಿತ್ತಾಳೆ ನಟ್ಟಿನಲ್ಲಿ ಸೇರಿರುತ್ತವೆ. ಸೋರುವ ನಟ್ಟಿನ ಸುತ್ತ ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಮೆತ್ತಿ ಕಪ್ಪಗೆ ಜಿಡ್ಡುಗಟ್ಟಿರುತ್ತದೆ. ಸೋಪಿನ ನೊರೆ ಹಚ್ಚಿದರೆ ಸಣ್ಣ ಗುಳ್ಳೆ ಏಳುತ್ತಾ ಬರುತ್ತದೆ, ನಿಮ್ಮ ಕಣ್ಣಿಗೇ ಕಾಣುತ್ತದೆ. ಗುಳ್ಳೆ ಬರದಿದ್ದರೆ ನೈಟ್ರೋಜನ್ ತುಂಬಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತದೋ ನೋಡಬೇಕು. ಸೋರಿಕೆ ಮುಚ್ಚಿ, ಪಂಪ್ ಹಚ್ಚಿ ಪೈಪಿನ ಗಾಳಿ, ತೇವ ಎಲ್ಲ ಎಳೆದ ಮೇಲೆಯೇ ಗ್ಯಾಸ್. ಅದೂ ತಕ್ಕಡಿಯಲ್ಲಿ ತೂಗಿ. ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್ಟಿನ ಪಟ್ಟಿ ಮೇಲೆ ಬರೆದಿರುತ್ತದೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಏರಿಳಿಯುತ್ತಲೇ ಇರುವುದರಿಂದ ಬರೀ ಮೀಟರ್ ನೋಡಿ ಅಂದಾಜಿನ ಮೇಲೆ ಹಾಕುವುದು ಸರಿಯಲ್ಲ.

ನಟ್ಟಿನ ಹತ್ತಿರ ಸೋರಿದರೆ ಪೈಪಿನ ತುದಿ ಕತ್ತರಿಸಿ ಹೊಸದಾಗಿ ಅಗಲ ಮಾಡಿ ಕೂರಿಸಿದರೆ ಆಯ್ತು, ದೊಡ್ಡ ಖರ್ಚಿಲ್ಲ. ಒಳಗಿನ ಕಾಯಿಲೇ ತೂತಾಗಿದ್ದರೆ ಬೆಸುಗೆ ಹಾಕಿಸುವ ಮೊದಲು ವಾರಂಟಿ ಕಾರ್ಡ್ ತೆಗೆದು, ಕಾಯಿಲಿಗೂ ವಾರಂಟಿ ಇದೆಯಾ, ಎಷ್ಟು ವರ್ಷ ಇದೆ ಅಂತ ನೋಡಿಕೊಳ್ಳಿ.