ಮಹಡಿ ಮೆಟ್ಟಿಲಿನ ಲೋಲಕ

ನಮ್ಮ ಭೌತಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಪೀಣ್ಯದ ನನ್ನ ಕಾರ್ಖಾನೆಯಲ್ಲಿದ್ದೆ. ಎದುರಿಗೆ ಪರೀಕ್ಷೆಗೆ ತೂಗುಹಾಕಿದ್ದ ಸ್ಪ್ರಿಂಗೊಂದು ಭಾರ ಹೊತ್ತು ಮೇಲೆ ಕೆಳಗೆ ಆಡುತ್ತಿತ್ತು. ಮೂವತ್ತೈದು ವರ್ಷಗಳಿಂದ ಸ್ಪ್ರಿಂಗುಗಳನ್ನೇ ಮಾಡಿ ಹತ್ತಾರು ಮನೆಗಳಿಗೆ ಅನ್ನ ಒದಗಿಸಿದ್ದೇನೆ. ಅದರ ಮೊದಲ ಪಾಠ ಆಗಿದ್ದು ಬಸವನಗುಡಿಯ ನಮ್ಮ ಶಾಲೆಯ ಮಹಡಿ ಮೆಟ್ಟಿಲ ಬಳಿ, 1976ರಲ್ಲಿ.

ಅವರನ್ನು ನಾವು ಲೋಲಕದ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಬಿಳಿ ಪಂಚೆ, ಕರಿ ಕೋಟು, ಎಡಗೈಯಲ್ಲಿ ಎಚ್‌ಎಂಟಿ ಜನತಾ ಗಡಿಯಾರ. ಸರಳ ಸಂಗತ ಚಲನೆಯ, ಅಂದರೆ ಒಂದೇ ಲಯದಲ್ಲಿ ಅತ್ತಿತ್ತ ತೂಗುವ ಚಲನೆಯ ಪಾಠದ ದಿನ, ಆ ಗಡಿಯಾರದ ಹಿಂಬದಿಯ ಮುಚ್ಚಳ ಬಿಚ್ಚಿ ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ಒಳಗೆ ಪುಟ್ಟ ಚಕ್ರವೊಂದು ಅತ್ತಿತ್ತ ಹೊರಳುತ್ತಿತ್ತು, ಅದಕ್ಕೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗು. “ಲೋಲಕವನ್ನು ಭೂಮಿ ಹಿಂದಕ್ಕೆ ಎಳೆಯುತ್ತದೆ, ಇದನ್ನು ಸ್ಪ್ರಿಂಗು ಎಳೆಯುತ್ತದೆ. ದೂರ ಹೋದಷ್ಟೂ ಎಳೆತ ಹೆಚ್ಚು. ಸೆಕೆಂಡಿಗೆ ಐದು ಟಿಕ್, ಗಂಟೆಗೆ 18,000. ನಮ್ಮ ಜಾಲಹಳ್ಳಿಯಲ್ಲಿ ಮಾಡಿದ್ದು ಕಣಯ್ಯಾ!” ಎಂದಾಗ ಅವರ ಮುಖ ನೋಡಬೇಕಿತ್ತು. ಆ ವರ್ಷ ಓದಿದ ಬೇರೆ ಪಾಠಗಳು ಯಾವುವೂ ನೆನಪಿಲ್ಲ.

ದಾರಕ್ಕೆ ಕಟ್ಟಿದ ಗುಂಡು ಒಮ್ಮೆ ಹೋಗಿ ಬರುವ ಅವಧಿಯಿಂದ ಭೂಮಿಯ ಎಳೆತವನ್ನು ಲೆಕ್ಕ ಹಾಕುವ ಪ್ರಯೋಗದ ದಿನ ಮೇಷ್ಟ್ರು ಹೊರಗೆ ಹೋದದ್ದೇ ತಡ, ನಾವು ಐವರು ಹಿತ್ತಾಳೆಯ ಗುಂಡುಗಳನ್ನು ದಾರದಿಂದ ಬಿಚ್ಚಿ ನೆಲದ ಮೇಲೆ ಗೋಲಿ ಆಡಿದೆವು. ಗಂಟೆ ಹೊಡೆಯಲು ಹತ್ತು ನಿಮಿಷ ಉಳಿದಿತ್ತು. ಆ ಎಳೆತದಿಂದ ಬೀಳುವ ವಸ್ತುವಿನ ವೇಗ ಸೆಕೆಂಡು ಸೆಕೆಂಡಿಗೂ ಎಷ್ಟು ಹೆಚ್ಚುತ್ತದೆ ಎಂಬುದು, ಅಂದರೆ ಗುರುತ್ವ ವೇಗೋತ್ಕರ್ಷ, ಸೆಂಟಿಮೀಟರಿನ ಲೆಕ್ಕದಲ್ಲಿ 980 ಎಂದು ಪುಸ್ತಕದಲ್ಲೇ ಇತ್ತಲ್ಲ! ತರಗತಿಯಲ್ಲಿ ಲೆಕ್ಕಕ್ಕೆ ನನ್ನನ್ನು ಮೀರಿಸುವವರಿರಲಿಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಐವರಿಗೂ ಆಂದೋಲನದ ಅವಧಿಗಳನ್ನು ಬರೆದುಕೊಟ್ಟೆ.

ಮೇಷ್ಟ್ರು ನನ್ನ ನಕ್ಷೆಯ ಮೇಲೆ ಅಡಿಕೋಲು ಇಟ್ಟು ಬಹಳ ಹೊತ್ತು ನೋಡಿದರು. “ಎಲ್ಲಾ ಚುಕ್ಕಿಗಳೂ ಗೆರೆಯ ಮೇಲೇ ಕೂತಿವೆ. ನನ್ನ ಕೈಯಲ್ಲೇ ಒಂದು ದಿನವೂ ಹೀಗೆ ಬಂದಿಲ್ಲ. ಈ 980 ಯಾವ ಊರಿನದಯ್ಯಾ?” ಎಂದರು. ನಾನು ತಲೆ ತಗ್ಗಿಸಿದೆ. ಬೆಂಗಳೂರು ಸಮಭಾಜಕ ವೃತ್ತಕ್ಕೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಹಾಗಾಗಿ ಇಲ್ಲಿ ಭೂಮಿಯ ಎಳೆತ ತುಸು ಕಡಿಮೆ, ಸುಮಾರು 978 ಎಂದು ಆಗಲೇ ತಿಳಿದದ್ದು.

ಅವರು ಹೊಡೆಯಲಿಲ್ಲ. ಸಂಜೆ ಐವರನ್ನೂ ಉಳಿಸಿಕೊಂಡರು. ಮಹಡಿಯ ಕಂಬಿಗೆ ಹುರಿ ಕಟ್ಟಿಸಿ, ಅಂಗಡಿಯಿಂದ ತರಿಸಿದ ಒಂದು ಕಿಲೋ ತೂಕದ ಕಲ್ಲನ್ನು ಕೆಳಗೆ ಇಳಿಬಿಡಿಸಿದರು. ಅಳತೆ ಗಂಟಿನವರೆಗಲ್ಲ, ಕಲ್ಲಿನ ನಡುಮಧ್ಯದವರೆಗೆ: ಸರಿಯಾಗಿ ನಾಲ್ಕು ಮೀಟರ್. ಒಂದು ಗೇಣಿಗಿಂತ ಹೆಚ್ಚು ಎಳೆಯಬಾರದು, ಕೈಬಿಡುವಾಗ ನೂಕಬಾರದು. ಅದು ಹೋಗಿ ಬರುವುದಕ್ಕೆ ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಮೂರು ಸಲ ಎಣಿಕೆ ತಪ್ಪಿತು. ಮೂರು ಸಲವೂ ಮೇಷ್ಟ್ರು “ಮೊದಲಿಂದ” ಎಂದಷ್ಟೇ ಹೇಳಿದರು. ನಾಲ್ಕನೆಯ ಸಲ ಐವತ್ತು ಆಂದೋಲನಗಳಿಗೆ 201 ಸೆಕೆಂಡು. ಬಾಗಿಲು ಹಾಕಲು ಬೀಗ ಹಿಡಿದು ನಿಂತಿದ್ದ ಜವಾನರೂ ನಮ್ಮ ಜೊತೆ ಎಣಿಸಿದ್ದರು. ಲೆಕ್ಕ ಮಾಡಿದರೆ 977. ನಾನು ಕೂಗಿದ ಕೂಗಿಗೆ ಮಹಡಿಯ ಪಾರಿವಾಳಗಳು ಎದ್ದವು.

ಈಗ ನನ್ನ ಮೊಮ್ಮಗಳ ತರಗತಿಯಲ್ಲಿ ಲೋಲಕ ಪರದೆಯ ಮೇಲೆ ಆಡುತ್ತದೆ. ಅವಧಿ ತಾನಾಗಿಯೇ ಮೂಡುತ್ತದೆ, ಪ್ರತಿ ಸಲವೂ ಒಂದೇ ಉತ್ತರ. ನಾನು ಅಂದು ಕದ್ದು ಮಾಡಿದ್ದನ್ನೇ ಶಾಲೆ ಈಗ ಪಾಠವಾಗಿ ಕೊಡುತ್ತಿದೆಯಲ್ಲ ಎಂದು ಸಂಕಟವಾಗುತ್ತದೆ. ಆ ಮಗುವಿಗೆ ಮನೆಯ ತಾರಸಿಯಿಂದ ನಾನೇ ಒಂದು ಹುರಿ ಕಟ್ಟಿಕೊಟ್ಟಿದ್ದೇನೆ.

ಹೋದ ವರ್ಷ ಮೇಷ್ಟ್ರನ್ನು ನೋಡಲು ಹೋಗಿದ್ದೆ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೆಟ್ಟಿಲು, ತೂಕದ ಕಲ್ಲು ಎಂದು ನೆನಪಿಸಿದೆ.

“ಎಷ್ಟು ಬಂದಿತ್ತಯ್ಯಾ ಅವತ್ತು?”

“977 ಸಾರ್.”

ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆರಳೊಂದು ಹಾಸಿಗೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. “ಬೇಗ ಕತ್ತಲಾಗಿಬಿಟ್ಟಿತು” ಎಂದರು. “ಇಲ್ಲದಿದ್ದರೆ ನೂರರವರೆಗೆ ಎಣಿಸಬಹುದಿತ್ತು.”